ಡಬ್ಬಿಯೂ ಸೇರಿ ಇಪ್ಪತ್ತೈದು

ನನ್ನ ಮೊದಲ ವಿಮಾನದ ರೆಕ್ಕೆ ಕತ್ತರಿಸಿದ್ದು ನೇಲ್ ಕಟ್ಟರಿನಲ್ಲಿ. ಅದೂ ಮಗಳ ನೇಲ್ ಕಟ್ಟರ್. ಅವಳನ್ನು ಕೇಳಿರಲಿಲ್ಲ.

ಅದು ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾದರಿ ವಿಮಾನ. ಕಿಟ್ ಡಬ್ಬಿಯ ಮೇಲೆ ಮೋಡ ಸೀಳಿಕೊಂಡು ಹಾರುವ ಸ್ಪಿಟ್‌ಫೈರ್ ಇತ್ತು, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಒಳಗೆ ಮಾತ್ರ ವಿಮಾನ ಇರಲಿಲ್ಲ. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟು, ಅದಕ್ಕೆ ಬಾವಲಿಗಳ ಹಾಗೆ ಜೋತುಬಿದ್ದ ಚೂರುಗಳು. ಈ ಚೌಕಟ್ಟಿಗೆ ಸ್ಪ್ರೂ ಅನ್ನುತ್ತಾರೆ. ಚೂರುಗಳನ್ನು ಅದರಿಂದ ಬಿಡಿಸಬೇಕು, ಉಜ್ಜಬೇಕು, ಅಂಟಿಸಬೇಕು, ಬಣ್ಣ ಹಚ್ಚಬೇಕು. ಅಳತೆ 1:72. ಅಂದರೆ ಆರು ಅಡಿಯ ಮನುಷ್ಯ ಒಂದು ಇಂಚಿಗೆ ಇಳಿಯುತ್ತಾನೆ. 11 ಮೀಟರ್ ಚಿಲ್ಲರೆ ರೆಕ್ಕೆಯ ವಿಮಾನ ಒಂದು ಗೇಣಿಗೂ ಕಡಿಮೆಯಾಗುತ್ತದೆ.

ಕಿಟ್ ಅಗ್ಗದ್ದು. ಬೇಕಾದ ಉಪಕರಣಗಳ ಪಟ್ಟಿ ನೋಡಿದಾಗ ಮಾತ್ರ ಎದೆ ಧಸಕ್ಕೆಂದಿತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಮೂಗುತಿ ಒಂದರಲ್ಲೇ ಹತ್ತು ಮೂಗು ಬರುತ್ತಿತ್ತು. ಹಾಗಾಗಿ ಉಪಕರಣಕ್ಕೆ ಬಿಡಿಗಾಸೂ ಖರ್ಚು ಮಾಡಬಾರದು ಅಂತ ಹಟ ಹಿಡಿದೆ. ನೇಲ್ ಕಟ್ಟರ್ ಆ ಹಟದ ಮೊದಲ ಫಲ.

ಸ್ಪಿಟ್‌ಫೈರಿನ ಅಂದವೆಲ್ಲ ಅದರ ಮೊಟ್ಟೆಯಾಕಾರದ ರೆಕ್ಕೆಯಲ್ಲಿದೆ. ಆ ರೆಕ್ಕೆಯ ತುದಿಯಿಂದ ನೇಲ್ ಕಟ್ಟರ್ ಅರ್ಧಚಂದ್ರದಂಥ ಒಂದು ತುಂಡನ್ನು ಕಚ್ಚಿ ತೆಗೆಯಿತು. ಇಲಿ ಕಚ್ಚಿದ ಹಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು. ನೇಲ್ ಕಟ್ಟರಿನ ಬಾಯಿ ಇರೋದೇ ಡೊಂಕಾಗಿ, ಅಲ್ವಾ?

ಹಟ ಅಲ್ಲಿಗೆ ಸಡಿಲವಾಯಿತು. ಕಣ್ಣಿಗೆ ಬಿದ್ದದ್ದರಲ್ಲಿ ಅತಿ ಅಗ್ಗದ ಸೆಟ್ ಒಂದನ್ನು ತರಿಸಿದೆ. "25 ಉಪಕರಣಗಳು" ಅಂತ ದೊಡ್ಡದಾಗಿ ಬರೆದಿತ್ತು. ಬಂದ ದಿನ ಮಗಳು ಎದುರಿಗೆ ಕೂತು ಎಣಿಸಿದಳು. ಬ್ಲೇಡು ಹತ್ತು. ಅಂಗೈಗಿಂತ ಚಿಕ್ಕ ಸ್ಯಾಂಡ್‌ಪೇಪರ್ ಚೂರು ಆರು. ಚಾಕುವಿನ ಹಿಡಿ, ಚಿಮ್ಮಟ, ನಿಪ್ಪರ್ ಅನ್ನುವ ಕತ್ತರಿಸುವ ಪುಟ್ಟ ಇಕ್ಕಳ, ಅರ, ಕೈ ಡ್ರಿಲ್ಲು, ಅದಕ್ಕೆ ಎರಡು ಸೂಜಿಯಂಥ ಬಿಟ್ಟು, ಒಂದು ಮ್ಯಾಟು. ಎಷ್ಟು ಸಲ ಎಣಿಸಿದರೂ ಇಪ್ಪತ್ನಾಲ್ಕೇ ಆಗುತ್ತಿತ್ತು. ಕೊನೆಗೆ ಅವಳೇ ಕಂಡುಹಿಡಿದಳು, ಇಪ್ಪತ್ತೈದನೆಯದು ಅವೆಲ್ಲವನ್ನೂ ತುಂಬಿಟ್ಟಿದ್ದ ಡಬ್ಬಿ.

ಅನ್ಯಾಯ ಹೇಳಬಾರದು, ಆ ಡಬ್ಬಿ ಇವತ್ತಿಗೂ ಗಟ್ಟಿಯಾಗಿದೆ.

ಕೈ ಡ್ರಿಲ್ಲಿನ ಬಿಟ್ಟುಗಳು ಮೊದಲ ದಿನವೇ ಮುರಿದವು, ಅವುಗಳ ಸುದ್ದಿ ಬಿಡಿ. ಚಾಕು ಮಾತ್ರ ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು, ಅದೇ ತೊಂದರೆ. 11ನೇ ನಂಬರಿನ ಬ್ಲೇಡು ಅಂದರೆ ಚೂಪು ತ್ರಿಕೋನ, ತುದಿ ಸೂಜಿಯ ಹಾಗೆ. ಹಿಡಿ ಪೆನ್ಸಿಲಿನ ಹಾಗೆ ದುಂಡಗೆ. ದುಂಡಗಿದ್ದದ್ದು ಉರುಳುತ್ತದೆ, ಉರುಳಿದ್ದು ಬೀಳುತ್ತದೆ. ಬೀಳುವಾಗ ಭಾರದ ತುದಿ ಕೆಳಗೆ ಅನ್ನುವ ನಿಯಮವನ್ನು ಅದು ಒಮ್ಮೆಯೂ ಮೀರಲಿಲ್ಲ. ಬೀಳುವ ವಸ್ತುವನ್ನು ಹಿಡಿಯಲು ಹೋಗುವುದು ಮನುಷ್ಯನ ಹುಟ್ಟುಗುಣ. ಅದನ್ನು ಮರೆಯೋಕೆ ನನಗೆ ಎರಡು ಬ್ಯಾಂಡೇಜು ಬೇಕಾಯಿತು. ಈಗ ಚಾಕು ಜಾರಿದರೆ ಕೈ ಮೇಲೆ, ಕಾಲು ಅಗಲ. ನೋಡಿದವರಿಗೆ ಯಾರೋ ಪಿಸ್ತೂಲು ತೋರಿಸಿದ್ದಾರೆ ಅನ್ನಿಸಬೇಕು. ಆಮೇಲೆ ಒಂದು ದಿನ ಹಿಡಿಯ ಹಿಂತುದಿಗೆ ಚೌಕಾಕಾರದ ರಬ್ಬರ್ ಚುಚ್ಚಿದೆ. ಅವತ್ತಿನಿಂದ ಅದು ಉರುಳಿಲ್ಲ. ಸೆಟ್ಟಿನ ಇಪ್ಪತ್ತೈದರಲ್ಲಿ ಒಂದು ರಬ್ಬರ್ ಇದ್ದಿದ್ದರೆ ಆಗುತ್ತಿತ್ತು.

ಇನ್ನು ಚಿಮ್ಮಟ. ಆ ಹೆಸರು ಯಾಕೆ ಬಂತೋ ಪಂಡಿತರು ಹೇಳಲಿ. ನನ್ನ ಪ್ರಕಾರ ಹಿಡಿದದ್ದನ್ನೆಲ್ಲ ಚಿಮ್ಮಿಸುತ್ತದೆ, ಅದಕ್ಕೇ ಚಿಮ್ಮಟ. ಅಗ್ಗದ ಚಿಮ್ಮಟದ ಎರಡು ತುದಿಗಳು ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ. ಹತ್ತಿರ ಬರುತ್ತವೆ, ಸೇರುವುದಿಲ್ಲ. ಸ್ವಲ್ಪ ಜಾಸ್ತಿ ಒತ್ತಿದರೆ ಒಂದರ ಪಕ್ಕ ಇನ್ನೊಂದು ಜಾರುತ್ತದೆ, ನಡುವೆ ಇದ್ದದ್ದು ಟಿಣ್ ಅಂತ ಹಾರುತ್ತದೆ. ನನ್ನದರಲ್ಲಿ ಹಾರಿದ್ದು ಪಿಟೋ ಕೊಳವೆ. ಗಾಳಿಯ ಒತ್ತಡದಿಂದ ವಿಮಾನದ ವೇಗ ಅಳೆಯೋಕೆ ಎಡ ರೆಕ್ಕೆಯ ಕೆಳಗೆ ಇರುವ, ಬಗ್ಗಿದ ಕೊಳವೆ ಅದು. 1:72ರಲ್ಲಿ ಇರುವೆಯ ಮುರಿದ ಕಾಲಿನಷ್ಟಿರುತ್ತದೆ. ಇಡೀ ವಿಮಾನದಲ್ಲಿ ನಿಜವಾಗಿ ಹಾರಿದ ಭಾಗ ಅದೊಂದೇ.

ಹುಡುಕಿದೆವು. ನೆಲಕ್ಕೆ ಕೆನ್ನೆ ಇಟ್ಟು ಟಾರ್ಚ್ ಬಿಟ್ಟೆವು. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳ್ಳನೆಯ ಕಾಲ್ಚೀಲ ಕಟ್ಟಿ ಎಳೆದರೆ ಚೂರು ಬಟ್ಟೆಯಲ್ಲೇ ನಿಲ್ಲುತ್ತದೆ. ಇದು ಒಳ್ಳೆಯ ಉಪಾಯ, ನೀವೂ ಮಾಡಿ. ನಮ್ಮ ಕಾಲ್ಚೀಲದಲ್ಲಿ ಮೂರು ಗುಂಡುಸೂಜಿ, ಹಿಂದಿನ ವರ್ಷ ಕಳೆದಿದ್ದ ಒಂದು ಓಲೆಯ ತಿರುಪು ಸಿಕ್ಕವು. ಪಿಟೋ ಸಿಗಲಿಲ್ಲ. ಕಾಲ್ಚೀಲ ಯಾರದು ಅಂತ ಮಗಳು ಕೇಳಿದಳು. ಹೇಳಲಿಲ್ಲ.

ಅಂಟಿನ ಕತೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಈ ಕೆಲಸಕ್ಕೆ ಬಳಸೋದು ಪ್ಲಾಸ್ಟಿಕ್ ಸಿಮೆಂಟ್. ಹೆಸರು ಸಿಮೆಂಟಾದರೂ ಅದು ಅಂಟಿಸುವುದಿಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಒಂಚೂರು ಕರಗಿಸಿ ಒಂದು ಮಾಡುತ್ತದೆ, ಬೆಸುಗೆ ಹಾಕಿದ ಹಾಗೆ. ಮನೆಯಲ್ಲಿ ಸೂಪರ್ ಗ್ಲೂ ಇತ್ತಲ್ಲ, ಅದೂ ಅಂಟೇ ಅಲ್ವಾ, ಇದನ್ನು ಯಾಕೆ ಕೊಳ್ಳಬೇಕು ಅಂತ ನಾನು. 1942ರಲ್ಲಿ ಈಸ್ಟ್‌ಮನ್ ಕೊಡಾಕ್‌ನ ಹ್ಯಾರಿ ಕೂವರ್ ಅನ್ನುವ ರಸಾಯನ ವಿಜ್ಞಾನಿ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸೂಪರ್ ಗ್ಲೂವಿನ ಮೂಲವಸ್ತು ಕೈಗೆ ಸಿಕ್ಕಿತಂತೆ. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಉಪಯೋಗವಿಲ್ಲ ಅಂತ ಅದನ್ನು ಪಕ್ಕಕ್ಕಿಟ್ಟರು. ಅದು ಅಂಗಡಿಗೆ ಬಂದದ್ದು 1958ರಲ್ಲಿ. ಅವರ ಮೊದಲ ತೀರ್ಮಾನವೇ ಸರಿ ಇತ್ತು ಅಂತ ನನ್ನ ಅಭಿಪ್ರಾಯ.

ಸೂಪರ್ ಗ್ಲೂ ಗಟ್ಟಿಯಾಗಲು ತೇವ ಬೇಕು. ಒಣ ಪ್ಲಾಸ್ಟಿಕ್ಕಿನ ಮೇಲೆ ಅದು ಆರಾಮಾಗಿ ಯೋಚನೆ ಮಾಡುತ್ತಾ ಕೂರುತ್ತದೆ. ಬೆವೆತ ಬೆರಳು ಕಂಡರೆ ಕ್ಷಣದಲ್ಲಿ ಒಪ್ಪಿಬಿಡುತ್ತದೆ. ಹೀಗಾಗಿ ವಿಮಾನದ ಎರಡು ಹೋಳುಗಳು ಒಂದಕ್ಕೊಂದು ಅಂಟಲಿಲ್ಲ, ಎರಡೂ ನನಗೆ ಅಂಟಿದವು. ಎಡ ಹೋಳು ಎಡ ಹೆಬ್ಬೆರಳಿಗೆ, ಬಲ ಹೋಳು ಬಲಗೈಯ ಎರಡು ಬೆರಳಿಗೆ. ಅದೇ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಮೂಗಿನಿಂದ ಒತ್ತಿ ಎತ್ತಿದೆ. ಆ ಕಡೆಯವರು "ಬಿಡುವಾಗಿದ್ದೀರಾ?" ಅಂತ ಕೇಳಿದರು.

ಬಿಸಿ ಸೋಪು ನೀರಲ್ಲಿ ಕೈ ಅದ್ದಿ, ತಾಳ್ಮೆಯಿಂದ ತಿರುವುತ್ತಾ ಕೂತಿದ್ದರೆ ಆಗುತ್ತಿತ್ತು. ತಾಳ್ಮೆ ಇದ್ದವನು ನೇಲ್ ಕಟ್ಟರಿಗೆ ಕೈ ಹಾಕುತ್ತಿದ್ದನೇ? ಮಗಳ ನೇಲ್ ಪಾಲಿಶ್ ರಿಮೂವರಿನಲ್ಲಿ ಅಸಿಟೋನ್ ಇರುತ್ತದೆ, ಅಸಿಟೋನ್ ಸೂಪರ್ ಗ್ಲೂವನ್ನು ಕರಗಿಸುತ್ತದೆ. ಅಷ್ಟು ನನಗೆ ಗೊತ್ತಿತ್ತು. ಕಿಟ್ಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೂ ಅದು ಅಷ್ಟೇ ಪ್ರೀತಿಯಿಂದ ಕರಗಿಸುತ್ತದೆ ಅನ್ನೋದು ಹತ್ತಿ ಒತ್ತಿದ ಮೇಲೆ ಗೊತ್ತಾಯಿತು. ಬೆರಳು ಬಿಡುಗಡೆಯಾದವು. ಕಾಕ್‌ಪಿಟ್ಟಿನ ಕೆಳಗೆ ನನ್ನ ಹೆಬ್ಬೆರಳಿನ ಗುರುತು ಶಾಶ್ವತವಾಗಿ ಮೂಡಿತು. ಗೆರೆ ಗೆರೆಯೂ ಕಾಣುತ್ತದೆ, ಬೇಕಾದರೆ ಪತ್ರಕ್ಕೆ ಒತ್ತಬಹುದು. ಇಷ್ಟಾದರೂ ಬುದ್ಧಿ ಬರದೆ ಮೇಲಿನ ಗಾಜಿನಂಥ ಮುಚ್ಚಳವನ್ನೂ ಅದೇ ಅಂಟಿನಲ್ಲಿ ಕೂರಿಸಿದೆ. ಸೂಪರ್ ಗ್ಲೂವಿನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯಾಗಿ ಕೂರುತ್ತದೆ. ಬೆಳಗ್ಗೆ ನೋಡಿದರೆ ಒಳಗಿನ ಪೈಲಟ್ ದಟ್ಟ ಮಂಜಿನಲ್ಲಿ ಕಾಣೆಯಾಗಿದ್ದ.

ಅವನನ್ನು ಉಳಿಸಿದ್ದೂ ಮಗಳ ಉಗುರಿನ ಪೆಟ್ಟಿಗೆಯೇ. ಸ್ಯಾಂಡ್‌ಪೇಪರಿನ ನಂಬರ್ ಹೆಚ್ಚಾದಷ್ಟೂ ಅದು ನಯ. 400ರಿಂದ ಶುರುಮಾಡಿ 600, 1000, 2000 ಅಂತ ಏರುತ್ತಾ ಹೋಗಬೇಕು, ಸ್ವಲ್ಪ ನೀರು ಹಾಕಿಕೊಂಡು ಉಜ್ಜಬೇಕು. ನಾನು ಮೊದಲು ಉಜ್ಜಿದ್ದು ಬಾಗಿಲಿಗೆ ಬಣ್ಣ ಬಳಿಯುವಾಗ ಉಳಿದಿದ್ದ 80ರಲ್ಲಿ. ಒಂದು ರೆಕ್ಕೆಯ ಗೆರೆ, ರಿವೆಟ್ಟು ಎಲ್ಲ ನುಣ್ಣಗೆ ಹೋದವು. ಉಗುರಿಗೆ ಹೊಳಪು ಕೊಡುವ ನಾಲ್ಕು ಮುಖದ ಬಫರ್ ಇದೆಯಲ್ಲ, ಅದರಲ್ಲಿ ಈ ಏಣಿಯೆಲ್ಲ ಒಂದೇ ಕಡ್ಡಿಯಲ್ಲಿದೆ. ಮುಚ್ಚಳವನ್ನು ಬಿಡಿಸಿ ಒಂದೊಂದೇ ಮುಖದಲ್ಲಿ ಉಜ್ಜಿದೆ, ಮಂಜು ಇಳಿಯಿತು. ಹಾಬಿಯವರಿಗೆಂದು ಮಾಡಿದ ಸಾಮಾನು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂದರೆ ನಾನು ನಂಬುವುದಿಲ್ಲ. ಬಟ್ಟೆ ಕ್ಲಿಪ್ಪು, ರಬ್ಬರ್ ಬ್ಯಾಂಡು, ಹಲ್ಲುಕಡ್ಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಸಂದು ತುಂಬಲು ಸೂಪರ್ ಗ್ಲೂವಿನ ಜೊತೆ ಅಡುಗೆ ಸೋಡಾ, ಎಲ್ಲವೂ ಮನೆಯಿಂದಲೇ ಮಾಯವಾಗತೊಡಗಿದವು. ಮಗಳು ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿ ಲೆಕ್ಕ ಬರೆದಳು. ಅದರಲ್ಲೂ ಇಪ್ಪತ್ತೈದು ದಾಟಿತು, ಡಬ್ಬಿ ಸೇರಿಸದೆ.

ದುಡ್ಡು ಕೊಟ್ಟು ಕೊಂಡ ಒಳ್ಳೆಯ ಸಾಮಾನು ಒಂದೇ, ನಿಪ್ಪರ್. ಸೆಟ್ಟಿನಲ್ಲಿದ್ದದ್ದು ಕತ್ತರಿಸುತ್ತಿರಲಿಲ್ಲ, ಹಿಂಡುತ್ತಿತ್ತು. ಕತ್ತರಿಸಿದಲ್ಲೆಲ್ಲ ಪ್ಲಾಸ್ಟಿಕ್ ಬೆಳ್ಳಗೆ ಬಿಳಚಿಕೊಳ್ಳುತ್ತಿತ್ತು. ಹೊಸದರಲ್ಲಿ ಮೊದಲು ಭಾಗದಿಂದ ಒಂಚೂರು ದೂರದಲ್ಲಿ ಕತ್ತರಿಸಿ, ಎರಡನೇ ಸಲ ಹತ್ತಿರ ಹೋದರೆ ಗುರುತೇ ಉಳಿಯುವುದಿಲ್ಲ. ಇದು ಪ್ಲಾಸ್ಟಿಕ್ಕಿಗೆ ಮಾತ್ರ, ಇದರಿಂದ ತಂತಿ ಮುಟ್ಟಿದರೆ ಅಲಗು ಮುಕ್ಕಾಗುತ್ತದೆ ಅಂತ ಮನೆಯವರನ್ನೆಲ್ಲ ಕೂರಿಸಿ ಭಾಷಣ ಮಾಡಿದೆ. ಎರಡು ವಾರದಲ್ಲಿ ಯಾರೋ ಅದರಿಂದ ತಂತಿ ಕತ್ತರಿಸಿದರು. ವಿಮಾನ ನಿಲ್ಲಿಸಲು ಸ್ಟ್ಯಾಂಡ್ ಬೇಕಿತ್ತು, ಇಕ್ಕಳ ಪಕ್ಕದ ಕೋಣೆಯಲ್ಲಿತ್ತು, ಎದ್ದು ಹೋಗಲು ನನಗೆ ಬೇಜಾರಾಗಿತ್ತು.

ಕಳೆದುಹೋದ ಪಿಟೋ ಕೊಳವೆಗೆ ಬದಲಿ ಮಾಡಿಕೊಂಡೆ. ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಯ ಮೇಲೆ, ಜ್ವಾಲೆ ತಾಗದ ಹಾಗೆ ತಿರುಗಿಸುತ್ತಾ ಇರಬೇಕು. ಮೆತ್ತಗಾಗಿ ಹೊಳಪು ಬಂದ ಕೂಡಲೇ ಆಚೆ ತೆಗೆದು ಎರಡೂ ಕಡೆಗೆ ಎಳೆಯಬೇಕು. ಮೆಲ್ಲಗೆ ಎಳೆದರೆ ಕಡ್ಡಿ, ಜೋರಾಗಿ ಎಳೆದರೆ ಕೂದಲು. ಮೂರು ಸಲ ಹೊತ್ತಿಕೊಂಡು ಕಪ್ಪು ಹೊಗೆ ಬಂತು. ನಾಲ್ಕನೇ ಸಲ ತಂತಿಯಂಥ ಎಳೆ ಬಂತು. ಅದನ್ನು ಬಗ್ಗಿಸಿ, ಕತ್ತರಿಸಿ, ಸಿಮೆಂಟಿನಲ್ಲಿ ಅಂಟಿಸಿದೆ. ಹೌದು, ಅಷ್ಟು ಹೊತ್ತಿಗೆ ಸಿಮೆಂಟ್ ಕೊಂಡಿದ್ದೆ. ಕೊಳವೆ ಸ್ವಲ್ಪ ಸೊಟ್ಟಗಿತ್ತು, ಆದರೂ ಇಡೀ ವಿಮಾನದಲ್ಲಿ ನನಗೆ ಹೆಮ್ಮೆಯಿದ್ದ ಭಾಗ ಅದೊಂದೇ.

ವಿಮಾನ ಕಪಾಟು ಸೇರಿದ ಮೂರನೇ ದಿನ ಮಗಳು ಬಂದು ಅಂಗೈ ಮುಂದೆ ಹಿಡಿದಳು. ಅದರಲ್ಲಿ ಬೂದು ಬಣ್ಣದ, ಇರುವೆಯ ಮುರಿದ ಕಾಲಿನಂಥದ್ದು ಒಂದು. ಅವಳ ಇನ್ನೊಂದು ಕಾಲ್ಚೀಲದ ಬೆರಳ ತುದಿಯಲ್ಲಿತ್ತಂತೆ. ಹೇಗೆ ಹೋಯಿತು ಅಂತ ನಾನು ಕೇಳಲಿಲ್ಲ, ಕೇಳಿದರೆ ಮೊದಲ ಕಾಲ್ಚೀಲದ ಮಾತು ಬರುತ್ತಿತ್ತು.

"ಇದನ್ನೇ ಹಾಕು ಅಪ್ಪ. ನೀನು ಮಾಡಿದ್ದು ಸೊಟ್ಟಗಿದೆ."

ನನ್ನದೇ ಇರಲಿ ಅನ್ನೋಣ ಅಂದುಕೊಂಡೆ. ಆದರೂ ಪಕ್ಕಪಕ್ಕ ಹಿಡಿದು ನೋಡುವ ಆಸೆ ತಡೆಯಲಾಗಲಿಲ್ಲ. ಅವಳ ಅಂಗೈಯಿಂದ ಅದನ್ನು ಎತ್ತಿಕೊಳ್ಳಲು ಚಿಮ್ಮಟ ತಂದೆ.

ಟಿಣ್.

ಮಗಳು ಏನೂ ಹೇಳದೆ ಟಾರ್ಚ್ ತರಲು ಹೋದಳು.