ನೇಪಲ್ಸ್‌ಗೆ ಹೋಗೋರು ಮೊದಲು ವಾರ ನೋಡ್ಕೊಳ್ಳಿ ಮಾರಾಯ್ರೆ

ಬೆಳಿಗ್ಗೆಯಿಂದ ಒಂದು ಟೂರ್ ಪ್ಲಾನ್ ಗ್ರೂಪಿಂದ ಗ್ರೂಪಿಗೆ ಓಡಾಡ್ತಿದೆ. ಇಟಲಿ, ಎಂಟು ದಿನ. ರೋಮ್, ಫ್ಲಾರೆನ್ಸ್, ವೆನಿಸ್‌ಗೆಲ್ಲ ಧಾರಾಳವಾಗಿ ದಿನ ಹಂಚಿದ್ದಾರೆ. ನೇಪಲ್ಸ್‌ಗೆ ಮಾತ್ರ ಮಂಗಳವಾರದ ಅರ್ಧ ದಿನ: "ಪಾಂಪೇ ಮುಗಿಸಿ, ಮ್ಯೂಸಿಯಂ, ಪಿಜ್ಜಾ, ರಾತ್ರಿ ವಾಪಸ್ ರೋಮ್." (ಪಾಂಪೇ ಅಂದ್ರೆ ನೇಪಲ್ಸ್ ಹತ್ತಿರದ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು.) ಕೆಳಗೆ "ಸೂಪರ್ ಸಾರ್, ಸೇವ್ ಮಾಡ್ಕೊಂಡೆ" ಅನ್ನೋ ಕಾಮೆಂಟುಗಳ ಸಾಲು.

ಸೇವ್ ಮಾಡ್ಕೊಂಡೋರೇ, ಮಂಗಳವಾರ ಆ ಮ್ಯೂಸಿಯಂಗೆ, ಅಂದ್ರೆ ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂಗೆ, ರಜ.

ಸಲೂನಿಗೆ ಮಂಗಳವಾರ ಬಾಗಿಲು ಹಾಕಿರುತ್ತೆ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಲಕ್ಷಗಟ್ಟಲೆ ಸುರಿದು ಹೋಗೋ ಊರಲ್ಲಿ ಯಾವ ಬಾಗಿಲು ಯಾವತ್ತು ಹಾಕಿರುತ್ತೆ ಅಂತ ನೋಡೋಕೆ ಮಾತ್ರ ನಮಗೆ ಪುರುಸೊತ್ತಿಲ್ಲ. ಬರೆದಿಟ್ಟುಕೊಳ್ಳಿ: ಪುರಾತತ್ವ ಮ್ಯೂಸಿಯಂ ಮತ್ತು ಸಾನ್ಸೆವೇರೋ ಚಾಪೆಲ್, ಎರಡಕ್ಕೂ ಮಂಗಳವಾರ ರಜ. ಕಾಪೋದಿಮೋಂತೆ ಮ್ಯೂಸಿಯಂಗೂ, ಊರಿನ ರಾಜರ ಅರಮನೆಗೂ (ಪಲಾಜ್ಜೋ ರೆಯಾಲೆ) ಬುಧವಾರ. ತೊಲೇದೋ ಬೀದಿಯ 'ಗಲ್ಲೆರಿಯೆ ದಿತಾಲಿಯಾ' ಅನ್ನೋ ಆರ್ಟ್ ಗ್ಯಾಲರಿಗೆ ಸೋಮವಾರ. ಅಂದ್ರೆ ಸೋಮವಾರದಿಂದ ಬುಧವಾರದ ಟ್ರಿಪ್ ಇಟ್ಕೊಂಡ್ರೆ ದಿನಕ್ಕೊಂದು ಮುಚ್ಚಿದ ಬಾಗಿಲು ಗ್ಯಾರಂಟಿ. ಗುರುವಾರ ಇಳಿದು ಭಾನುವಾರ ಹೊರಟರೆ ಈ ತಲೆನೋವೇ ಇಲ್ಲ. ಮಂಗಳವಾರ ತಪ್ಪಿಸೋಕೇ ಆಗದಿದ್ರೆ ಅವತ್ತು ಪಾಂಪೇಗೆ ಹೋಗಿ. ಅದಕ್ಕೆ ವಾರದ ರಜ ಇಲ್ಲ. ಜನವರಿ 1, ಮೇ 1, ಡಿಸೆಂಬರ್ 25 ಬಿಟ್ಟರೆ ತೆಗೆದೇ ಇರುತ್ತೆ.

ಇನ್ನು ಆ "ಪಾಂಪೇ ಮುಗಿಸಿ" ಅನ್ನೋ ಮಾತು. 66 ಹೆಕ್ಟೇರಿನ ಊರು ಅದು, ಅಗೆದಿರೋದೇ ಮೂರರಲ್ಲಿ ಎರಡು ಪಾಲು. ಅಲ್ಲಿ ಸಿಕ್ಕ ಒಳ್ಳೊಳ್ಳೆ ಭಿತ್ತಿಚಿತ್ರ, ಮೊಸಾಯಿಕ್ ಹೆಚ್ಚಿನವು ಅಲ್ಲಿಲ್ಲ, ನೇಪಲ್ಸ್‌ನ ಮ್ಯೂಸಿಯಂನಲ್ಲಿವೆ. ಅಲೆಕ್ಸಾಂಡರನ ಯುದ್ಧದ ಮೊಸಾಯಿಕ್ 1831ರಲ್ಲಿ ಪಾಂಪೇಯ 'ಫಾನ್ ಮನೆ'ಯ ನೆಲದಲ್ಲಿ ಸಿಕ್ಕಿತು, 1843ರಲ್ಲಿ ನೇಪಲ್ಸ್‌ಗೆ ಬಂತು. ಮನೆಯ ನೆಲದಲ್ಲಿ ಈಗಿರೋದು ನಕಲು. ಜನ ಆ ನಕಲಿನ ಮುಂದೆ ನಿಂತು ಸೆಲ್ಫಿ ತೆಗೆದು, ಅಸಲಿ ಇರೋ ಊರಲ್ಲಿ ಪಿಜ್ಜಾ ತಿಂದು ರೈಲು ಹತ್ತುತ್ತಾರೆ. ಸಿಟ್ಟು ಬರದೆ ಇರುತ್ತಾ? ಮ್ಯೂಸಿಯಂಗೆ ಅರ್ಧ ದಿನ ಬೇಕೇ ಬೇಕು, ಅದೂ ಬೆಳಗಿನ ಹೊತ್ತೇ. ಸಿಬ್ಬಂದಿ ಸಾಲದೆ ಕೆಲವು ಕೋಣೆಗಳನ್ನ ಸರದಿ ಮೇಲೆ ಮುಚ್ಚೋದುಂಟು. ಒಳಗೆ ಹೋದ ತಕ್ಷಣ ಯಾವುದು ಎಷ್ಟು ಗಂಟೆಗೆ ಮುಚ್ಚುತ್ತೆ ಅಂತ ಕೇಳಿ, ಅದನ್ನೇ ಮೊದಲು ನೋಡಿ.

ಬುಕಿಂಗ್ ವಿಷಯದಲ್ಲೂ ನಮ್ಮೋರದು ಉಲ್ಟಾ ಲೆಕ್ಕ. ಹೋಟೆಲು, ರೈಲು ಎಲ್ಲ ಆದಮೇಲೆ ಸಾನ್ಸೆವೇರೋ ನೆನಪಾಗುತ್ತೆ. ಪುಟ್ಟ ಚಾಪೆಲ್ ಅದು, ಸಮಯ ಗೊತ್ತು ಮಾಡಿ ಟಿಕೆಟ್ ಕೊಡ್ತಾರೆ, ವಾರಾಂತ್ಯದ್ದು ಬೇಗ ಖಾಲಿ. ಒಳಗಿರೋ ಮುಸುಕಿನ ಕ್ರಿಸ್ತನನ್ನ ಜುಸೆಪ್ಪೆ ಸಾನ್‌ಮಾರ್ತೀನೋ 1753ರಲ್ಲಿ ಕೆತ್ತಿದ್ದು. ಮೈಮೇಲಿನ ತೆಳು ಬಟ್ಟೆಯೂ ಅದೇ ಒಂದು ಅಮೃತಶಿಲೆ. ಫೋಟೋ ತೆಗೆಯೋ ಹಾಗಿಲ್ಲ, ಪುಣ್ಯಕ್ಕೆ. ಮೊದಲು ಈ ಟಿಕೆಟ್, ಆಮೇಲೆ ಪಾಂಪೇ (ದಿನಕ್ಕೆ 20,000 ಜನರ ಮಿತಿ, ಟಿಕೆಟ್ ಮೇಲೆ ಹೆಸರು ಇರುತ್ತೆ, ಪಾಸ್‌ಪೋರ್ಟ್ ಜೊತೆಗಿರಲಿ), ಉಳಿದದ್ದೆಲ್ಲ ನಂತರ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂ, ಪಾಂಪೇ ಎಲ್ಲ ಉಚಿತ. ಅವತ್ತಿನ ಜಾತ್ರೆಗೆ ನಾನಂತೂ ದುಡ್ಡು ಕೊಟ್ಟರೂ ಹೋಗಲ್ಲ.

ಸಾನ್ಸೆವೇರೋದಿಂದ ನಡೆಯೋ ದೂರದಲ್ಲಿ, ತ್ರಿಬುನಾಲಿ ಬೀದಿಯಲ್ಲಿ ಪಿಯೋ ಮೋಂತೆ ದೆಲ್ಲಾ ಮಿಸೆರಿಕೋರ್ದಿಯಾ ಅನ್ನೋ ಹಳೇ ದಾನಧರ್ಮ ಸಂಸ್ಥೆಯ ಚರ್ಚು ಇದೆ. ಯಾವ ಪ್ಲಾನಿನಲ್ಲೂ ಇದರ ಹೆಸರು ಕಾಣಲ್ಲ. ಇಟಲಿಯ ಚಿತ್ರಕಾರ ಕ್ಯಾರವಾಜ್ಜೋ ಈ ಸಂಸ್ಥೆಗಾಗಿಯೇ ಬರೆದ ಚಿತ್ರ 1607ರಿಂದ ಇಲ್ಲೇ ಇದೆ. ಕ್ರೈಸ್ತ ಧರ್ಮ ಹೇಳೋ ದಯೆಯ ಏಳು ಕೆಲಸಗಳನ್ನ ಒಂದೇ ಕ್ಯಾನ್ವಾಸಿಗೆ ತುರುಕಿದ್ದಾನೆ ಪುಣ್ಯಾತ್ಮ. ಜೈಲಿನ ಸರಳಿನಾಚೆಯ ಮುದುಕ ತಂದೆಗೆ ಮಗಳು ಎದೆಹಾಲು ಕುಡಿಸ್ತಿದ್ದಾಳೆ. ಅವಳ ಹಿಂದೆ ಹೆಣ ಸಾಗಿಸ್ತಿದ್ದಾರೆ, ನಮಗೆ ಕಾಣೋದು ಎರಡು ಪಾದ ಅಷ್ಟೇ. ಕೆಳಗಿಂದ ನೋಡಿ ಬಂದುಬಿಡಬೇಡಿ. ಮೇಲಿನ ಮಹಡಿಯ ಗ್ಯಾಲರಿಯಲ್ಲಿ ಚರ್ಚಿನ ಕಡೆ ತೆರೆಯೋ ಸಣ್ಣ ಕಿಟಕಿ ಇದೆ, ಅಲ್ಲಿಂದ ಚಿತ್ರ ಎದುರಾಬದುರು ಸಿಗುತ್ತೆ. ಅಂದಹಾಗೆ ಊರಿನ ಬಹಳಷ್ಟು ಚರ್ಚುಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತವೆ, ಅವನ್ನ ಬೆಳಿಗ್ಗೆಯೇ ನೋಡಿಬಿಡಿ.

"ನೇಪಲ್ಸ್ ಗಲೀಜು, ಜೇಬುಗಳ್ಳರ ಊರು" ಅಂತೀರಿ. ಗಲೀಜು ಹೌದು. ಮೆಜೆಸ್ಟಿಕ್ಕಲ್ಲಿ ಬಸ್ ಹಿಡಿದು ಬೆಳೆದೋರು ಇದನ್ನ ಹೇಳಬಾರದು, ಅಷ್ಟೇ. ಬ್ಯಾಗು ಮುಂದಕ್ಕೆ ಹಾಕ್ಕೊಳ್ಳಿ, ಮೊಬೈಲು ಹಿಂದಿನ ಜೇಬಲ್ಲಿ ಬೇಡ. "ಇಷ್ಟು ದೂರ ಹೋಗಿ ಹತ್ತಿರದ ಅಮಾಲ್ಫಿ ಕಡಲತೀರ ಬಿಡೋದಾ?" ಅಂತ ಇನ್ನೊಬ್ಬರು. ಬಿಡಿ! ಬೇಸಿಗೆಯ ಟ್ರಾಫಿಕ್‌ನಲ್ಲಿ ಬಸ್ಸಲ್ಲಿ ನಿಂತು ನೋಡೋ ಸಮುದ್ರ, ನೇಪಲ್ಸ್‌ನ ದಡದಲ್ಲಿ ಪುಕ್ಕಟೆ ಸಿಗುತ್ತೆ.

ಪಾಂಪೇಗೆ ಹೋಗೋ ಲೋಕಲ್ ರೈಲು ಚಿರ್ಕುಮ್‌ವೆಸುವಿಯಾನಾ. ಊರಿನ ಮುಖ್ಯ ನಿಲ್ದಾಣದ ಹತ್ತಿರದ ಗ್ಯಾರಿಬಾಲ್ಡಿ ಸ್ಟೇಷನ್ನಲ್ಲಿ ಹತ್ತಿದ್ರೆ ನಿಂತೇ ಹೋಗಬೇಕಾಗುತ್ತೆ. ಒಂದು ಸ್ಟೇಷನ್ ಹಿಂದಿನ ಪೋರ್ತಾ ನೋಲಾನಾದಿಂದಲೇ ರೈಲು ಹೊರಡೋದು, ಅಲ್ಲಿ ಸೀಟು ಸಿಗುತ್ತೆ. ಸೊರೆಂತೋ ಕಡೆಯದೇ ಹತ್ತಿ, 'ಪಾಂಪೇ ಸ್ಕಾವಿ' ನಿಲ್ದಾಣದಲ್ಲಿ ಇಳೀರಿ. ಬೋರ್ಡಲ್ಲಿ ಬರೀ ಪಾಂಪೇ ಅಂತ ನೋಡಿ ಇನ್ನೊಂದು ಲೈನಿನ ರೈಲು ಹತ್ತಿದ್ರೆ ಈಗಿನ ಪಾಂಪೇ ಪೇಟೆ ಕಡೆ ಇಳಿಸುತ್ತೆ. ದೊಡ್ಡ ಬ್ಯಾಗು ಹಳೇ ಪಾಂಪೇ ಒಳಗೆ ಬಿಡಲ್ಲ. ನೆರಳು ಕಡಿಮೆ, ಕಲ್ಲು ಹಾಸಿನ ರಸ್ತೆ ಏರುಪೇರು, ಚಪ್ಪಲಿ ಬೇಡ.

ಸಸ್ಯಾಹಾರಿಗಳಿಗೆ ಒಂದು ಮಾತು. ಮರಿನಾರಾ ಪಿಜ್ಜಾದಲ್ಲಿ ಟೊಮ್ಯಾಟೊ, ಬೆಳ್ಳುಳ್ಳಿ, ಓರೆಗಾನೋ, ಎಣ್ಣೆ ಅಷ್ಟೇ. ಚೀಸೂ ಇಲ್ಲ, ಮೀನೂ ಇಲ್ಲ. (ನನಗೆ ಪಿಜ್ಜಾ ಅಷ್ಟಕ್ಕಷ್ಟೇ, ಬೈಯಬೇಡಿ.) ಬೇಕರಿ ತಿನಿಸು ನೋಡ್ಕೊಂಡು ತಿನ್ನಿ. ಮೆಣಸು, ಬಾದಾಮಿ ಹಾಕಿದ ಗರಿಗರಿ ತರಾಲ್ಲಿ ನಿರಪಾಯ ಅಂತ ಕಾಣುತ್ತೆ, ಆದ್ರೆ ಅದನ್ನ ಮಾಡೋದೇ ಹಂದಿ ಕೊಬ್ಬಿನಲ್ಲಿ. ಸ್ಫೊಲಿಯಾತೆಲ್ಲಾ ಅನ್ನೋ ಪದರದ ಸಿಹಿ ತಿನಿಸಿನ ಪದರಗಳಿಗೂ ಸಾಂಪ್ರದಾಯಿಕವಾಗಿ ಅದನ್ನೇ ಸವರೋದು. "ಸೆಂಜಾ ಸ್ತ್ರುತ್ತೋ?" (ಹಂದಿ ಕೊಬ್ಬು ಇಲ್ಲದ್ದಾ?) ಅಂತ ಕೇಳಿ, ಅಲ್ಲ ಅಂತ ತಲೆ ಅಲ್ಲಾಡಿಸಿದ್ರೆ ಮುಂದಿನ ಅಂಗಡಿಗೆ ನಡೀರಿ.