ಫೆಬ್ರವರಿಯಲ್ಲಿ ಸಿಕ್ಕ ಬಾಸ್ ಮೀನಿನ ಫೋಟೋ ಬೇಡ

ಫೆಬ್ರವರಿ ಕೊನೆ ವಾರ. ಇಲ್ಲಿ ನಾರ್ತ್ ಕ್ಯಾರೊಲಿನಾದ ರಾಲಿ ಸುತ್ತಮುತ್ತ ಮೇಪಲ್ ಮರಗಳು ಎಲೆ ಬರೋ ಮೊದಲೇ ಕೆಂಪಗೆ ಹೂ ಬಿಟ್ಟಿವೆ. ಸಂಜೆಯಾದರೆ ಪುಟ್ಟ ಕಪ್ಪೆಗಳು ಕೂಗಲು ಶುರು ಮಾಡುತ್ತವೆ. ಮೂರು ದಿನ ಬಿಡದೆ ಬಿಸಿಲು ಬಿದ್ದರೆ, ನಾಲ್ಕನೇ ದಿನ ಮಧ್ಯಾಹ್ನ ನಾನು ಫ್ಲೈ ರಾಡ್ (ಫ್ಲೈ ಅಂದರೆ ಗರಿ ಕಟ್ಟಿದ ಹಗುರ ಗಾಳ, ಅದನ್ನು ಎಸೆಯುವ ಕೋಲು) ಹಿಡಿದು ಹತ್ತಿರದ ಕೆರೆಗೆ ಹೊರಡುತ್ತೇನೆ. ಕೆರೆ ಅಂದರೆ ನಮ್ಮೂರಿನ ಕೆರೆಯಷ್ಟು ದೊಡ್ಡದಲ್ಲ, ಒಂದೂವರೆ ಎಕರೆ ಇರಬಹುದು, ಹಿಂದೆ ರೈತರು ದನಗಳಿಗೆಂದು ಏರಿ ಹಾಕಿ ನೀರು ನಿಲ್ಲಿಸಿದ್ದು. ಜಾಗದವರನ್ನು ಕೇಳಿಯೇ ಹೋಗುತ್ತೇನೆ.

ಚಳಿಯಲ್ಲಿ ಬಾಸ್ ಸಿಗಲ್ಲ ಅಂತ ತುಂಬ ಜನ ಹೇಳುತ್ತಾರೆ. ಸಿಗುತ್ತದೆ, ಆದರೆ ಅವಸರ ಮಾಡಿದರೆ ಸಿಗುವುದಿಲ್ಲ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ನೀರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದಾಗ ಅದಕ್ಕೆ ಹಸಿವೂ ಕಡಿಮೆ, ಓಡಿಹೋಗುವ ಬೇಟೆಯನ್ನು ಅಟ್ಟಿಕೊಂಡು ಹೋಗುವ ಮನಸ್ಸೂ ಇಲ್ಲ. ಸಣ್ಣ ಕೆರೆಯಲ್ಲಿ ಒಂದು ಅನುಕೂಲ ಇದೆ, ದೊಡ್ಡ ಜಲಾಶಯಕ್ಕಿಂತ ಎಷ್ಟೋ ಬೇಗ ಕಾಯುತ್ತದೆ. ಅದರಲ್ಲೂ ಉತ್ತರದ ದಂಡೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಕಡೆಗೆ ದಿನವಿಡೀ ಬಿಸಿಲು, ದಕ್ಷಿಣದ ದಂಡೆಗೆ ಮರದ ನೆರಳು. ಬೆಳಗ್ಗೆ ಹೋಗಿ ಪ್ರಯೋಜನ ಇಲ್ಲ. ಮೂರರಿಂದ ಐದು ಗಂಟೆ, ಅಷ್ಟೇ.

ನಾನು ಕಟ್ಟುವುದು ವೂಲಿ ಬಗರ್. ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಮಾಡಿದ ಫ್ಲೈ. ಗಾಳಕ್ಕೆ ದಾರ, ಗರಿ ಸುತ್ತಿ ಹಿಂದೆ ಮೆತ್ತನೆಯ ಪುಕ್ಕದ ಬಾಲ ಬಿಟ್ಟಿರುತ್ತಾರೆ. ಆ ಪುಕ್ಕ ನೀರಿನಲ್ಲಿ ಸುಮ್ನೆ ನಿಂತರೂ ಉಸಿರಾಡಿದ ಹಾಗೆ ಅಲುಗುತ್ತಿರುತ್ತದೆ. ತಣ್ಣೀರಿನಲ್ಲಿ ಬೇಕಾಗಿರುವುದು ಅದೇ ಅಲ್ವಾ, ಎಳೆಯದೇ ಇದ್ದರೂ ಜೀವ ಇರುವ ಹಾಗೆ ಕಾಣುವ ವಸ್ತು? ಎಸೆದು, ತಳ ಮುಟ್ಟುವವರೆಗೆ ಎಣಿಸಿ, ಒಂದಿಂಚು ಎಳೆದು, ಮತ್ತೆ ಹತ್ತು ಎಣಿಸುತ್ತೇನೆ. ಬೇಸಿಗೆಯ ಹಾಗೆ ಜಗ್ಗುವುದಿಲ್ಲ ಈ ಮೀನು. ದಾರ ನೀರಿಗಿಳಿಯುವ ಜಾಗದಲ್ಲಿ ಸಣ್ಣಗೆ ಪಕ್ಕಕ್ಕೆ ಸರಿಯುತ್ತದೆ. ಅದು ಕಣ್ಣಿಗೆ ಬಿದ್ದರೆ ಮೀನು, ಇಲ್ಲದಿದ್ದರೆ ಇಲ್ಲ.

ಈಗ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಈ ತಿಂಗಳು ಸಿಗುವ ದೊಡ್ಡ ಬಾಸ್ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, ಹೊಟ್ಟೆ ತುಂಬ ಮೊಟ್ಟೆ. ನೀರು 16–18 ಡಿಗ್ರಿಗೆ ಬಂದಾಗ ಮೊಟ್ಟೆ ಇಡಲು ಈಗಿನಿಂದಲೇ ದಂಡೆ ಕಡೆ ಬರುತ್ತಿರುತ್ತದೆ. ಎರಡು ವರ್ಷದ ಹಿಂದೆ ಅಂಥದ್ದೊಂದು ಸಿಕ್ಕಿತು, ನಾಲ್ಕು ಪೌಂಡ್ ಆದರೂ ಇತ್ತು. ಖುಷಿಯಲ್ಲಿ ಶಿವಮೊಗ್ಗದಲ್ಲಿರುವ ಅಣ್ಣನನ್ನು ಎಬ್ಬಿಸಿ ವಿಡಿಯೋ ಕಾಲ್ ಮಾಡಿದೆ. ಕೆಳದವಡೆ ಹಿಡಿದು ನೇತಾಡಿಸಿಕೊಂಡೇ ತೋರಿಸಿದೆ. "ಅಲ್ವೋ, ಹೊಟ್ಟೆ ನೋಡಿದ್ಯಾ? ಹತ್ತುಮೀನು ಇದ್ದಂಗಿದೆಯಲ್ಲೋ ಅದು, ಮೊದ್ಲು ನೀರಿಗೆ ಬಿಡು" ಅಂದ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೊಟ್ಟೆ ಮೀನುಗಳನ್ನು ನಮ್ಮ ಕಡೆ ರಾತ್ರಿಯಿಡೀ ಹಿಡಿಯುತ್ತಿದ್ದೆವು, ಅವನು ಅದನ್ನು ಬಿಟ್ಟು ತುಂಬ ವರ್ಷವಾಯಿತು. ನೀರಿಗೆ ಬಿಟ್ಟಾಗ ನನ್ನ ಮೀನು ಪಕ್ಕಕ್ಕೆ ಮಗುಚಿಕೊಂಡಿತು. ಕಾಲು ಗಂಟೆ ಮಂಡಿವರೆಗೆ ತಣ್ಣೀರಿನಲ್ಲಿ ನಿಂತು ಅದನ್ನು ನೆಟ್ಟಗೆ ಹಿಡಿದುಕೊಂಡಿದ್ದೆ. ಕೊನೆಗೆ ಬಾಲ ಒದರಿ ಹೋಯಿತು. ಬದುಕಿತೋ ಇಲ್ಲವೋ ಗೊತ್ತಿಲ್ಲ.

ಅವತ್ತಿನಿಂದ ಗಾಳ ಸಲೀಸಾಗಿ ಬಿಡಿಸಲು ಅದರ ತುದಿಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಂಡೇ ಹೋಗುತ್ತೇನೆ. ಕೈ ಒದ್ದೆ ಮಾಡಿಕೊಳ್ಳದೆ ಮೀನನ್ನು ಮುಟ್ಟುವುದಿಲ್ಲ, ಒಣಗೈ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಫೋಟೋಗೆಂದು ಎತ್ತುವುದಿಲ್ಲ, ನೀರಿನಲ್ಲೇ ಗಾಳ ಬಿಡಿಸಿ ಕಳಿಸುತ್ತೇನೆ. ಎತ್ತಲೇಬೇಕಾದರೆ ಎರಡೂ ಕೈಯಲ್ಲಿ, ಅಡ್ಡಕ್ಕೆ, ಕೆಳಗಿನಿಂದ ಹೊಟ್ಟೆಗೆ ಆಸರೆ ಕೊಟ್ಟು. ಒಂದೂವರೆ ಎಕರೆ ಕೆರೆಯಲ್ಲಿ ಅಂಥ ಹೆಣ್ಣು ಎಷ್ಟಿರುತ್ತವೆ ಹೇಳಿ? ಅಷ್ಟು ದೊಡ್ಡದಾಗಲು ವರ್ಷಗಟ್ಟಲೆ ಬೇಕು.

ತಿನ್ನಬೇಡಿ ಅನ್ನುತ್ತಿಲ್ಲ. ತಿನ್ನುವುದಾದರೆ ಅದೇ ಕೆರೆಯ ಬ್ಲೂಗಿಲ್ ಅನ್ನುವ ಸಣ್ಣ ಮೀನು ಹಿಡಿಯಿರಿ, ರುಚಿಯೂ ಚೆನ್ನಾಗಿದೆ, ಬೇಗ ಹೆಚ್ಚುತ್ತದೆ. ಬಾಸ್‌ನಲ್ಲಿ ಪಾದರಸದ ಅಂಶ ಇರುತ್ತದೆ, ಗರ್ಭಿಣಿಯರು, ಮಕ್ಕಳು ತಿನ್ನಬಾರದು ಅಂತ ಈ ರಾಜ್ಯದ ಆರೋಗ್ಯ ಇಲಾಖೆಯೇ ಹೇಳುತ್ತದೆ.

ಏಪ್ರಿಲ್ ಹೊತ್ತಿಗೆ ಗಂಡು ಬಾಸ್ ದಂಡೆಯಲ್ಲಿ ಬಾಲದಿಂದ ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಮೊಟ್ಟೆ ಬಿದ್ದ ಮೇಲೆ ಅಲ್ಲಿಂದ ಕದಲುವುದಿಲ್ಲ. ಹತ್ತಿರ ಬಂದ ಏನನ್ನಾದರೂ ಕಚ್ಚುತ್ತದೆ, ಹಾಗಾಗಿ ಹಿಡಿಯುವುದು ಬಲು ಸುಲಭ. ಅದನ್ನು ಎಳೆದುಕೊಂಡ ಎರಡೇ ನಿಮಿಷಕ್ಕೆ ಬ್ಲೂಗಿಲ್‌ಗಳು ಬಂದು ಮೊಟ್ಟೆ ಮುಕ್ಕುತ್ತವೆ. ಅದು ನನಗೆ ಬೇಟೆ ಅನ್ನಿಸುವುದೇ ಇಲ್ಲ.

ಈ ಶನಿವಾರ ಮಧ್ಯಾಹ್ನ ಹೋಗುತ್ತೇನೆ, ಬರುವವರಿದ್ದರೆ ಹೇಳಿ, ಇನ್ನೊಂದು ರಾಡ್ ಇದೆ. ಮೊದಲ ಗೂಡು ಕಂಡ ದಿನ ನಾನು ನಿಲ್ಲಿಸುತ್ತೇನೆ.