ಆಪ್ಷನ್ ಎಂತ ಮಾವ?

ಮಂಗಳೂರಿಗೆ ಹೋಗುವ ದಾರಿಯಲ್ಲಿ ಹೆಜಮಾಡಿ ಟೋಲ್ ದಾಟಿದ ಮೇಲೆ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ, ಸುಮ್ನೆ ಒಂದು ಪ್ರಶ್ನೆ ಕೇಳಿದೆ. "ಪಕ್ಕದ ಮನೆ ಅಜ್ಜಿಯ ಬೆಕ್ಕು ನಿನ್ನ ಕಾರಿನಡಿಗೆ ಬಿದ್ದು ಸತ್ತಿದೆ. ಅವರಿಗೆ ಇನ್ನೂ ಗೊತ್ತಿಲ್ಲ. ನೀನೇ ಹೋಗಿ ಹೇಳಬೇಕು. ಹೇಗೆ ಹೇಳ್ತೀ?"

ಅವನು ಬಯಾಲಜಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಆಪ್ಷನ್ ಎಂತ ಮಾವ?" ಎಂದ.

ತಂಗಿ ನಕ್ಕಳು. ನನಗೆ ನಗು ಬರಲಿಲ್ಲ. ಅದು 2025ರ ಮೇ 4, ಆದಿತ್ಯವಾರ, ಮೆಡಿಕಲ್ ಸೀಟಿಗೆ ಬರೆಯುವ ನೀಟ್ ಪರೀಕ್ಷೆಯ ದಿನ. ಅಂಥ ದಿನ ಬೆಕ್ಕಿನ ಸುದ್ದಿ ತೆಗೆದದ್ದು ನನ್ನದೇ ತಪ್ಪು, ಸರಿ. ಆದರೂ ಆ ಉತ್ತರ ಮಂಗಳೂರು ಮುಟ್ಟುವವರೆಗೆ ಚುಚ್ಚುತ್ತಲೇ ಇತ್ತು.

ಬೆಕ್ಕಿನ ಪ್ರಶ್ನೆ ನನ್ನದಲ್ಲ. ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ. ನಮ್ಮ ಬೀದಿಯಲ್ಲೇ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಇದೆ. ಅವರ ಮಗಳಿಗೂ ಡಾಕ್ಟರ್ ಆಗುವ ಆಸೆ. ಅಲ್ಲಿ ಮೊದಲು ಯುಕ್ಯಾಟ್ ಅಂತ ಒಂದು ಪರೀಕ್ಷೆ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲಿ ಬಯಾಲಜಿಯೂ ಇಲ್ಲ, ಕೆಮಿಸ್ಟ್ರಿಯೂ ಇಲ್ಲ. ಓದಿ ಅರ್ಥ ಮಾಡಿಕೊಳ್ಳುವುದು, ಲೆಕ್ಕ, ತರ್ಕ, ಕೊನೆಗೆ ಇಂಥ ಸಂದರ್ಭದಲ್ಲಿ ನೀನು ಏನು ಮಾಡುತ್ತೀ ಅನ್ನುವ ಪ್ರಶ್ನೆಗಳು. ಅಕ್ಟೋಬರ್ 15ರ ಒಳಗೆ ನಾಲ್ಕೇ ನಾಲ್ಕು ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಬಹುದು. ಆಮೇಲೆ ಇಂಟರ್‌ವ್ಯೂ. ಹೆಚ್ಚಿನ ಕಡೆ ಒಂದೇ ಕೋಣೆಯಲ್ಲಿ ಕೂರಿಸಿ ಕೇಳುವುದಿಲ್ಲ. ಕೆಲವು ನಿಮಿಷಕ್ಕೊಂದು ಮೇಜು ಬದಲಾಗುತ್ತಾ ಹೋಗುತ್ತದೆ. ಒಂದು ಮೇಜಿನಲ್ಲಿ ನಟರೊಬ್ಬರು ರೋಗಿಯಂತೆಯೋ ದುಃಖದಲ್ಲಿರುವ ನೆರೆಯವರಂತೆಯೋ ಕೂತಿರುತ್ತಾರೆ. ಅವರ ಜೊತೆ ಮಾತಾಡಬೇಕು, ಅಷ್ಟೆ.

ಆ ಹುಡುಗಿ ನಮ್ಮ ಮನೆಗೆ ಬಂದು ನನ್ನ ಮೇಲೆ ಪ್ರಾಕ್ಟೀಸ್ ಮಾಡಿದಳು. ಬೆಕ್ಕು ಕಳಕೊಂಡ ನೆರೆಯವನು ನಾನು. ಮೊದಲ ಸಲ ಬಾಗಿಲಲ್ಲೇ ನಿಂತು ಸಾರಿ, ಸಾರಿ ಅಂತ ಏಳೆಂಟು ಬಾರಿ ಹೇಳಿದಳು. ಎರಡನೇ ಸಲ ಹೊಸ ಬೆಕ್ಕು ತಂದುಕೊಡುತ್ತೇನೆ ಎಂದಳು. ಮೂರನೇ ಸಲ ಎದುರಿಗೆ ಕೂತಳು. ವಿಷಯ ಒಂದೇ ಮಾತಿನಲ್ಲಿ ಹೇಳಿ ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಅವಳು ಏಳಲಿಲ್ಲ. ಇಲ್ಲದ ಬೆಕ್ಕಿಗೆ ನನ್ನ ಕಣ್ಣು ಒದ್ದೆಯಾಯಿತು ಮಾರಾಯ್ರೆ!

ನಮ್ಮ ಹುಡುಗನ ಕಥೆ ಬೇರೆ. ಎರಡು ವರ್ಷ ಹಾಸ್ಟೆಲ್. ಬೆಳಗ್ಗೆ ಐದಕ್ಕೆ ಗಂಟೆ. ಟೆಸ್ಟು, ಅದರ ಮೇಲೆ ಇನ್ನೊಂದು ಟೆಸ್ಟು. ಚಿಕ್ಕವನಿದ್ದಾಗ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದವನು, ಎರಡು ವರ್ಷ ಮೇಳಗಳು ಊರೂರು ತಿರುಗಿದರೂ ಒಂದೇ ಒಂದು ಆಟ ನೋಡಲಿಲ್ಲ. 180 ಪ್ರಶ್ನೆ, 180 ನಿಮಿಷ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಹೋಯಿತು. ಅದರಲ್ಲಿ ಬಯಾಲಜಿಯೇ 90. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಅಂತ ಅವನಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಆದರೆ ನೀನು ಯಾಕೆ ಡಾಕ್ಟರ್ ಆಗಬೇಕು ಅಂತ ಈ ಎರಡು ವರ್ಷದಲ್ಲಿ ಯಾರೂ ಕೇಳಿಲ್ಲವಂತೆ. ನಾನು ಕೇಳಿದ್ದಕ್ಕೆ, "ಮಾರ್ಕ್ಸ್ ಬರ್ತದಲ್ಲ ಮಾವ" ಎಂದ.

ಸೆಂಟರಿನ ಗೇಟಿನ ಹತ್ತಿರ ಜಾತ್ರೆಯಷ್ಟು ಜನ. ಆ ಸೆಖೆಯಲ್ಲಿ ಅಪ್ಪ ಅಮ್ಮಂದಿರೆಲ್ಲ ಬೈರಾಸಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಉದ್ದ ತೋಳಿನ ಅಂಗಿ ಆಗುವುದಿಲ್ಲ, ಶೂ ಆಗುವುದಿಲ್ಲ, ಒಡವೆ ಆಗುವುದಿಲ್ಲ. ಒಬ್ಬಳು ಹುಡುಗಿಯ ಮೂಗುತಿ ಎಷ್ಟು ತಿರುಗಿಸಿದರೂ ಬರುತ್ತಿಲ್ಲ. ಒಂದೂವರೆಗೆ ಗೇಟ್ ಹಾಕುತ್ತಾರೆ. ಅವಳ ಅಮ್ಮನ ಕೈ ನಡುಗುತ್ತಿತ್ತು. ಕೊನೆಗೆ ಎಳನೀರು ಮಾರುವ ಹೆಂಗಸು ಎಲ್ಲಿಂದಲೋ ಒಂದು ಚೂರು ತೆಂಗಿನೆಣ್ಣೆ ತಂದು ಮೂಗಿಗೆ ಹಚ್ಚಿ, ಮೂಗುತಿ ತೆಗೆದುಕೊಟ್ಟಳು. ಹುಡುಗಿ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ಐದಾರು ವರ್ಷದ ಮೇಲೆ ಇನ್ನೊಬ್ಬರ ಕಣ್ಣೀರು ಒರೆಸಬೇಕಾದವಳನ್ನು ನಾವು ಒಳಗೆ ಕಳಿಸುವ ರೀತಿ ಇದು.

ಸಂಜೆ ಬರುವಾಗ ಕಾರಿನಲ್ಲಿ ಇದನ್ನೆಲ್ಲ ಜೋರಾಗಿ ಹೇಳಿದೆ. ಅಳಿಯನಿಗೆ ಫಿಸಿಕ್ಸ್ ಕೈಕೊಟ್ಟಿತ್ತು. ಅವನು ಕಿಟಕಿಗೆ ತಲೆ ಇಟ್ಟು ಕೂತಿದ್ದ. ತಂಗಿಗೆ ಸಿಟ್ಟು ಬಂತು.

"ಅಣ್ಣ, ಇಲ್ಲಿ ಪರೀಕ್ಷೆಗೆ ಕೂತವರು 20 ಲಕ್ಷಕ್ಕಿಂತ ಜಾಸ್ತಿ. ಎಲ್ಲರಿಗೂ ಬೆಕ್ಕಿನ ಕಥೆ ಕೇಳ್ಲಿಕ್ಕೆ ಆಗ್ತದಾ? ಆ ಮ್ಯಾಂಚೆಸ್ಟರ್ ಹುಡುಗಿಯ ಅಪ್ಪ ಎಂತ ಮಾಡುವುದು?"

ಡಾಕ್ಟರ್. ಅಮ್ಮನೂ ಡಾಕ್ಟರೇ. ವೃದ್ಧಾಶ್ರಮದಲ್ಲಿ ಶನಿವಾರ ಶನಿವಾರ ಚಹಾ ಕೊಡುವ ಸೇವೆಯ ಕೆಲಸ ಅವಳಿಗೆ ಸಿಕ್ಕಿದ್ದು ಅಮ್ಮನ ಪರಿಚಯದಿಂದ. ಇದನ್ನು ನಾನು ಮೊದಲೇ ಹೇಳಬೇಕಿತ್ತೋ ಏನೋ.

"ಇಲ್ಲಿ ಇಂಟರ್‌ವ್ಯೂ ಇಟ್ಟರೆ ಯಾರ ಮಕ್ಕಳಿಗೆ ಸೀಟು ಸಿಗ್ತದೆ ಹೇಳು" ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 1953ರಲ್ಲೇ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಕಂಡ ಊರು ನಮ್ಮದು. 2016ಕ್ಕೆ ಮೊದಲು ಖಾಸಗಿಯವರು ತಮ್ಮತಮ್ಮ ಪರೀಕ್ಷೆ ಇಡುತ್ತಿದ್ದ ಕಾಲ, ಸೀಟಿನ ರೇಟಿನ ಮಾತು, ಎಲ್ಲ ನಮಗೆ ಗೊತ್ತಿದ್ದದ್ದೇ ಅಲ್ವಾ. ಗುಂಡಿ ತುಂಬುವ ಓಎಂಆರ್ ಹಾಳೆಗೆ ಅಪ್ಪ ಯಾರು ಅಂತ ಗೊತ್ತಾಗುವುದಿಲ್ಲ. ಅಷ್ಟು ಒಪ್ಪುತ್ತೇನೆ. ಪೂರ್ತಿ ಮನಸ್ಸಿನಿಂದ ಏನಲ್ಲ.

ಮರುದಿನ ಅಮ್ಮನನ್ನು ಉಡುಪಿಯ ನಮ್ಮ ಹಳೇ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅವರೂ ಸಿಇಟಿ ರ‍್ಯಾಂಕಿನಲ್ಲೇ ಸೀಟು ಪಡೆದವರು. ಅವರಿಗೂ ಯಾರೂ ಬೆಕ್ಕಿನ ಪ್ರಶ್ನೆ ಕೇಳಿರಲಿಕ್ಕಿಲ್ಲ. ಶುಗರ್ ರಿಪೋರ್ಟ್ ಮೇಜಿನ ಮೇಲೆ ಮಗುಚಿಟ್ಟು ಅಮ್ಮನ ಮುಖ ನೋಡಿದರು.

"ಹಲಸಿನ ಹಣ್ಣು ಎಷ್ಟು ಸೊಳೆ ತಿಂದಿರಿ ಅಮ್ಮ?"

"ನಾಲ್ಕು" ಎಂದಳು ಅಮ್ಮ.

ಡಾಕ್ಟರು ಏನೂ ಹೇಳಲಿಲ್ಲ. ಪೆನ್ನು ಕೆಳಗಿಟ್ಟು ಸುಮ್ಮನೆ ಕೂತರು. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು.

"ಹನ್ನೆರಡು" ಎಂದಳು.